ಓದದೆ ಉಳಿದ ಚೀಟಿ

ಹೊಳಲ್ಕೆರೆಯ ಸಾಂಸ್ಕೃತಿಕ ಸಂಘದವರು ‘ಕಲಾವಿದರೊಡನೆ ಮಾತುಕತೆ’ಗಾಗಿ ಕುರ್ಚಿ ಸಾಲು ಮಾಡುತ್ತಿದ್ದರು. ಕಾರ್ಯದರ್ಶಿ ತಿಪ್ಪೇರುದ್ರಪ್ಪ ಮೇಷ್ಟ್ರು ಮೂರನೆಯ ಸಾಲಿನ ಕೊನೆಯ ಕುರ್ಚಿಯೊಂದನ್ನು ಮಾತ್ರ ಮುಟ್ಟಲಾರದೆ ನಿಂತರು. ಹೋದ ವರ್ಷ ಅವರ ಹಳೆಯ ವಿದ್ಯಾರ್ಥಿನಿ ದೇವಿಕಾ ಕುಳಿತದ್ದು ಅಲ್ಲಿಯೇ.

ಸಭಿಕರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕಳುಹಿಸುವುದು ಸಂಘದ ಪದ್ಧತಿ. ಮೇಷ್ಟ್ರು ಮೊದಲು ತಾವು ಓದಿ, ಸಭೆಗೆ ಒಪ್ಪುವಂಥವನ್ನಷ್ಟೇ ಅತಿಥಿಗೆ ಕೇಳುತ್ತಿದ್ದರು. ಹೋದ ವರ್ಷದ ಅತಿಥಿ ಹೆಸರಾಂತ ಚಿತ್ರನಟ. ಅಂದು ಬಂದ ಒಂದು ಚೀಟಿಯ ದುಂಡಕ್ಷರ ಶಾಲೆಯಲ್ಲಿ ಮೇಷ್ಟ್ರೇ ತಿದ್ದಿಸಿದ್ದು: ‘ಚಿತ್ರದುರ್ಗದ ಚಿತ್ರೀಕರಣದಲ್ಲಿ ನೀವು ಕೋಣೆಗೆ ಕರೆದಿರಿ, ನಾನು ಬರಲಿಲ್ಲ. ಮರುದಿನವೇ ನನ್ನ ಪಾತ್ರ ತೆಗೆಸಿದಿರಿ. ನೆನಪಿದೆಯೇ? – ದೇವಿಕಾ, ಹೊರಕೆರೆದೇವಪುರ.’

ಮೇಷ್ಟ್ರು ಅದನ್ನು ನಾಲ್ಕು ಮಡಿಕೆ ಮಾಡಿ ಎಡ ಅಂಗೈಯಲ್ಲಿ ಮುಚ್ಚಿಕೊಂಡರು. ನಟನ ಮೆಚ್ಚಿನ ಊಟ ಯಾವುದೆಂಬ ಪ್ರಶ್ನೆಯನ್ನು ಓದಿದರು. ಸಭೆ ನಕ್ಕಿತು. ದೇವಿಕಾ ಎದ್ದು ಹೋದಳು. ಮತ್ತೆಂದೂ ಅವಳು ಬಣ್ಣ ಹಚ್ಚಲಿಲ್ಲ.

ಅಂದಿನಿಂದ ಪ್ರತಿ ಮುಂಜಾನೆ ಇಷ್ಟಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡೊಡನೆ, ಅದರಡಿ ಕಾಗದದ ಮಡಿಕೆ ಚುಚ್ಚಿದಂತಾಗುತ್ತಿತ್ತು. ದೃಷ್ಟಿ ನೆಟ್ಟರೆ ಲಿಂಗದ ಮೇಲೆ ಆ ದುಂಡಕ್ಷರಗಳು ಮೂಡುತ್ತಿದ್ದವು. ಮಂತ್ರ ನಡುವೆಯೇ ತಡೆದು ನಿಲ್ಲುತ್ತಿತ್ತು.

ತಡೆಯಲಾರದೆ ನಿನ್ನೆ ಬಸ್ಸು ಹತ್ತಿ ಅವಳ ಮನೆಗೆ ಹೋಗಿದ್ದರು. ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದವಳು, ‘ಬರ್ರಿ ಸಾ, ಕುಂತ್ಕಳ್ರಿ’ ಎಂದಳು. ಅವರು ಚಾಚಿದ ಚೀಟಿಯನ್ನು ಮಾತ್ರ ಮುಟ್ಟಲಿಲ್ಲ.

‘ಅವನು ಎಂಥೋನು ಅಂತ ನಂಗೆ ಗೊತ್ತೇ ಇತ್ತು ಸಾ. ನೀವು ಓದ್ತೀರಿ ಅಂತ ನಂಬಿ ಬರ್ದಿದ್ದೆ.’

ಸೊಪ್ಪಿನ ಕಟ್ಟು ಬಿಗಿಯುತ್ತ, ‘ಸಭೇಲಿ ನನ್ನ ಹೆಸರು ಎತ್ಬೇಡ್ರಿ. ಹೇಳಾದಿದ್ರೆ ನಾನೇ ಹೇಳ್ತೀನಿ’ ಎಂದಳು.

ಈಗ ಸಂಘದ ಅಧ್ಯಕ್ಷ, ಅಡಿಕೆ ವರ್ತಕ ಪಾಲಣ್ಣ, ಚೀಟಿ ಬಚ್ಚಿಟ್ಟದ್ದನ್ನು ಸಭೆಯಲ್ಲೇ ಒಪ್ಪಿಕೊಳ್ಳುವ ಮೇಷ್ಟ್ರ ನಿರ್ಧಾರ ಕೇಳಿ ಮುಖ ಗಂಟಿಕ್ಕಿದರು. ‘ಕರೆಸಿದೋರ ಮಾನ ಕಳೆದ್ರೆ ನಾಳೆ ನಮ್ಮೂರಿಗೆ ಯಾರು ಬರ್ತಾರೆ ಮೇಷ್ಟ್ರೆ? ಆ ಹುಡುಗಿಗೂ ಮುಂದೆ ಬಾಳುವೆ ಐತೆ.’ ಹೋದ ವರ್ಷ ಮೇಷ್ಟ್ರು ತಮಗೆ ತಾವೇ ಹೇಳಿಕೊಂಡದ್ದೂ ಈ ಮಾತನ್ನೇ.

ಸಂಜೆ ಸಭೆ ತುಂಬಿತು. ಈ ಸಲದ ಅತಿಥಿ ವೃದ್ಧ ರಂಗನಟಿ. ಚೀಟಿಗಳ ತಟ್ಟೆ ಬಂದಾಗ ಮೇಷ್ಟ್ರ ದೃಷ್ಟಿ ಮೂರನೆಯ ಸಾಲಿಗೆ ಹೋಯಿತು. ಕೊನೆಯ ಕುರ್ಚಿ ಖಾಲಿ ಇರಲಿಲ್ಲ.

ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದು ನಿಂತರು. ‘ಹೋದ ವರ್ಷ ಇಲ್ಲಿಗೆ ಬಂದ ಒಂದು ಪ್ರಶ್ನೆಯನ್ನು ನಾನು ಬಚ್ಚಿಟ್ಟೆ. ಅದು ಕೇಳಲೇಬೇಕಾದ ಪ್ರಶ್ನೆಯಾಗಿತ್ತು. ಇನ್ನು ಈ ಸಭೆಯಲ್ಲಿ ಚೀಟಿ ಇಲ್ಲ.’

ಪಾಲಣ್ಣ ತಲೆ ತಗ್ಗಿಸಿದರು. ಮೇಷ್ಟ್ರು ಮೈಕು ಹಿಡಿದು ಮೆಟ್ಟಿಲಿಳಿದರು, ಮೂರನೆಯ ಸಾಲಿನ ತುದಿಯಲ್ಲಿ ನಿಂತು ಎಡಗೈಯಲ್ಲಿ ಅದನ್ನು ಚಾಚಿದರು. ಬಹಳ ಹೊತ್ತು ಅದನ್ನು ಯಾರೂ ತೆಗೆದುಕೊಳ್ಳಲಿಲ್ಲ. ಅವರು ಕೈ ಹಿಂದೆಗೆಯಲಿಲ್ಲ.

ಕೊನೆಗೆ ಕೈಯಿಂದ ಮೈಕಿನ ಭಾರ ಇಳಿಯಿತು. ಬರಿದಾದ ಅಂಗೈಯಲ್ಲಿ ಮಡಿಕೆಯ ಚುಚ್ಚು ಇನ್ನೂ ಇತ್ತು.

‘ನನ್ನ ಹೆಸರು ದೇವಿಕಾ’ ಎಂಬ ದನಿ ಸಭೆಯಲ್ಲೆಲ್ಲ ಕೇಳಿಸಿತು.