ಭಾನುವಾರದ ಹೆಬ್ಬೆಟ್ಟು

ಮೈಯೆಲ್ಲ ಉರಿದುಹೋಯಿತು ನನಗೆ. ಸಿದ್ದಕ್ಕ ಕಳ್ಳಿಯಂತೆ! ಪೀಣ್ಯದ ಆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಒಲೆ ಹಚ್ಚುವ ಹೆಂಗಸು ಅವಳು. ಭಾನುವಾರದ ರಜೆ ಕಳೆಯುವಷ್ಟರಲ್ಲಿ ಹಿತ್ತಾಳೆ ಚೂರಿನ ಮೂಟೆಯೊಂದು ಕಾಣೆಯಾಗಿತ್ತು. ಹೆಬ್ಬೆಟ್ಟಿನ ಹಾಜರಿ ಯಂತ್ರದ ಪ್ರಕಾರ ಆ ದಿನ ಒಳಗೆ ಬಂದವಳು ಅವಳೊಬ್ಬಳೇ. ಆ ಯಂತ್ರದ ಸಾಫ್ಟ್‌ವೇರ್ ನಮ್ಮ ಕಂಪನಿಯದು. ಪೊಲೀಸರಿಗೆ ಕೊಡಲು ಅದರ ಪ್ರಿಂಟ್ ತೆಗೆದುಕೊಡು ಎಂದು ಎಲೆಕ್ಟ್ರಾನಿಕ್ ಸಿಟಿಯಿಂದ ನನ್ನನ್ನು ಅಟ್ಟಿದ್ದರು.

"ಬೇಗ ಕೊಡಿ ವೇಣಿ ಮೇಡಂ. ಪ್ರತಿ ಶನಿವಾರ ಚಕ್ಕರ್, ಪ್ರತಿ ಭಾನುವಾರ ಹಾಜರ್. ಬೀಗ ಹಾಕಿರೋ ಫ್ಯಾಕ್ಟರೀಲಿ ಇವಳಿಗೇನ್ರೀ ಕೆಲಸ?" ಎಂದರು ಮ್ಯಾನೇಜರ್ ರಾಜೇಂದ್ರ.

"ಭಾನುವಾರ ನಾನು ಗೇಟೇ ತೆಗ್ದಿಲ್ಲ ಸಾ" ಎಂದ ಕಾವಲಿನ ಮುನಿಯಣ್ಣ.

"ನೀನು ಸುಮ್ನಿರಯ್ಯ. ಮೆಷಿನ್ ಸುಳ್ಳು ಹೇಳತ್ತಾ?"

ಸಿದ್ದಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಶನಿವಾರ ನಾ ಮಾಡಿದ ಉಪ್ಪಿಟ್ಟು ನೀವ ತಿಂದೀರಲ್ರೀ ಸಾಹೇಬ್ರ. ಕಳ್ಳಿ ಅಂದ್ರ ನಾ ಮಂದಿಗೆ ಹೆಂಗ್ ಮುಖ ತೋರಸ್ಲಿ?"

ಮೆಷಿನ್ ಸುಳ್ಳು ಹೇಳತ್ತೆ ಸ್ವಾಮಿ! ನಾವು ಹೇಳಿಸಿದರೆ ಯಾಕೆ ಹೇಳುವುದಿಲ್ಲ?

ಕೋಡ್ ತೆರೆದೆ. ಪೈಥಾನ್ ಭಾಷೆಯಲ್ಲಿ ಬರೆದದ್ದು. ಸಮಯ ಕೇಳುವ ಸಾಲಿನಲ್ಲಿ ಯಾವನೋ ಪುಣ್ಯಾತ್ಮ 'ಯುಟಿಸಿ ನೌ' ಎಂದು ಬರೆದು ಕೈತೊಳೆದುಕೊಂಡಿದ್ದ. ಅದು ಕೊಡುವುದು ನಮ್ಮ ಗಡಿಯಾರದ ಹೊತ್ತಲ್ಲ, ವಿಶ್ವಸಮಯ; ನಮಗಿಂತ ಐದೂವರೆ ಗಂಟೆ ಹಿಂದಿನದು. ನಮ್ಮಲ್ಲಿ ಬೆಳಗಿನ ಐದೂವರೆ ಆಗುವವರೆಗೂ ಅದರ ಪಾಲಿಗೆ ನಿನ್ನೆಯ ದಿನವೇ. ಯಂತ್ರ ಬರೆದುಕೊಳ್ಳುವುದು ಬಂದ ದಿನವನ್ನಷ್ಟೇ, ಗಂಟೆಯನ್ನಲ್ಲ. ಮೊದಲ ಪಾಳಿಯವರು ಬರುವುದು ಆರಕ್ಕೆ, ಅವರಿಗೆ ತೊಂದರೆಯಿಲ್ಲ. ಅವರಿಗೆ ತಿಂಡಿ ಆಗಬೇಕಲ್ಲ ಎಂದು ಐದಕ್ಕೇ ಬಂದು ಹೆಬ್ಬೆಟ್ಟು ಒತ್ತುವವಳು ಸಿದ್ದಕ್ಕ ಒಬ್ಬಳೇ. ಅವಳ ಶನಿವಾರ ಶುಕ್ರವಾರವಾಗುತ್ತಿತ್ತು, ಸೋಮವಾರ ಭಾನುವಾರವಾಗುತ್ತಿತ್ತು. ಹತ್ತಕ್ಕೆ ಆಫೀಸಿಗೆ ಬಂದು, ಕಾಫಿ ಕುಡಿದು, ಆಮೇಲೆ ಟೆಸ್ಟ್ ಮಾಡುವ ನಮ್ಮ ಮಹಾನುಭಾವರಿಗೆ ಇದೆಲ್ಲಿ ಕಾಣಬೇಕು?

ಬಿಡಿಸಿ ಹೇಳಿದೆ. "ಕಥೆ ಕಟ್ಬೇಡಿ ಮೇಡಂ, ಪ್ರಿಂಟ್ ಕೊಡಿ" ಎಂದರು ರಾಜೇಂದ್ರ.

ಆ ಸಾಲು ಬದಲಿಸಿ ಭಾರತದ ಸಮಯ ಕೇಳುವಂತೆ ಮಾಡುವುದು ನಿಮಿಷದ ಕೆಲಸ. ಬೇಕೆಂದೇ ಮಾಡಲಿಲ್ಲ.

"ಸೋಮವಾರ ಬೆಳಗ್ಗೆ ಐದಕ್ಕೆ ಬನ್ನಿ ಸಾರ್. ಆಗ ಕೊಡ್ತೀನಿ."

ಆಕಳಿಸುತ್ತಲೇ ಬಂದರು. ಹೆಬ್ಬೆಟ್ಟು ಒತ್ತಿ ಎಂದೆ, ಗೊಣಗುತ್ತಾ ಒತ್ತಿದರು. ಲ್ಯಾಪ್‌ಟಾಪನ್ನು ಅವರ ಮುಖದ ಮುಂದೆ ಹಿಡಿದೆ. ರಾಜೇಂದ್ರ, ಭಾನುವಾರ, ಹಾಜರ್.

"ಏನ್ರೀ ಇದು! ನಿನ್ನೆ ನಾನು ಅತ್ತೆ ಮನೇಲಿದ್ದೆ ಕಣ್ರೀ! ಮೊದ್ಲು ಇದನ್ನ ಸರಿಮಾಡಿ!"

ಒಲೆಯ ಮುಂದಿನಿಂದ ಸಿದ್ದಕ್ಕ ಎದ್ದು ಬಂದಳು. ಮುನಿಯಣ್ಣ ಅವಳಿಗೆ ಅದನ್ನು ಓದಿ ಹೇಳಿದ. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಬೀಗ ಹಾಕಿದ್ ಫ್ಯಾಕ್ಟರ್ಯಾಗ ನಿಮಗೇನ್ ಕೆಲಸಿತ್ರೀ ಸಾಹೇಬ್ರ?"

ರಾಜೇಂದ್ರ "ತಪ್ಪಾಯ್ತಮ್ಮ" ಎನ್ನುವವರೆಗೂ ನಾನು ಕೋಡಿನ ಆ ಸಾಲನ್ನು ಮುಟ್ಟಲಿಲ್ಲ.