ಜೊತೆಗೆ ಕರೆದೊಯ್ದವನು

ಪೆಟ್ಟಿಗೆ ಗಿಡ್ಡವಾಗಿತ್ತು. ಚಿಕ್ಕಪ್ಪ ಅಣ್ಣನ ಹೆಣದ ಮೊಣಕಾಲುಗಳನ್ನು ಓರೆಯಾಗಿ ಒತ್ತಿ ಮಡಿಸುತ್ತಿದ್ದ. ಮಗಳು ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಬೇರೆ ಪೆಟ್ಟಿಗೆ ತರಿಸೋಣವೇ ಎಂದು ಪಾದ್ರಿ ಕೇಳಿದರು. ಅವಳು ಬೇಡವೆಂದಳು.

"ಹೇಗೋ ತುರುಕಿ ಚಿಕ್ಕಪ್ಪ. ನಮ್ಮಮ್ಮನ್ನ ಬಸ್ಸಿಗೆ ತುರುಕುವಾಗ ಅವನೇನು ಹಿಂದೆಮುಂದೆ ನೋಡಿದ್ನಾ?"

ಯಾರೂ ಗದರಲಿಲ್ಲ. ಮನೆಮನೆಗೆ ಸುಣ್ಣಬಣ್ಣ ಬಳಿದು ಬದುಕಿದ ಈ ಮುದುಕ ಹೆಂಡತಿಯನ್ನು ಕೊಂದವನೆಂದು ಬೀದಿಗೆಲ್ಲ ಗೊತ್ತಿತ್ತು.

*

ಮಗಳು ಹುಟ್ಟಿದ ವರ್ಷ ಗಂಡಸರೆಲ್ಲ ತಾವು ಹುಟ್ಟಿದ ಊರಿಗೆ ಹೋಗಿ ಹೆಸರು ಬರೆಸಬೇಕೆಂದು ಸರ್ಕಾರದ ಆಜ್ಞೆಯಾಗಿತ್ತು. ಮನೆಯಲ್ಲಿ ಅವನ ತಾಯಿ ಇದ್ದಳು, ತಂಗಿ ಇದ್ದಳು, ಸೂಲಗಿತ್ತಿ ಪಕ್ಕದ ಬೀದಿಯವಳೇ. ಆದರೂ ಅವನು ದಿನ ತುಂಬಿದ ಹೆಂಡತಿಯನ್ನು ಜೊತೆಗೆ ಹೊರಡಿಸಿದ. ಅವಳಿಗೆ ಬಸ್ಸಿನಲ್ಲೇ ನೋವು ಕಾಣಿಸಿಕೊಂಡಿತು. ಹೆಸರು ಬರೆಸಲು ಬಂದವರಿಂದ ಊರಿನ ವಸತಿಗೃಹಗಳೆಲ್ಲ ತುಂಬಿಹೋಗಿದ್ದವು. ನಿಲ್ದಾಣದ ಸಾಮಾನು ಕೋಣೆಯಲ್ಲಿ ಹೆತ್ತವಳು ರಕ್ತ ನಿಲ್ಲದೆ ಅಲ್ಲೇ ಸತ್ತಳು. ಅವನು ಕೂಸನ್ನು ಅಂಗಿಯಲ್ಲಿ ಸುತ್ತಿಕೊಂಡು ಬಂದು, ತಾಯಿಯ ಮನೆಗೆ ಕಾಲಿಡದೆ, ಬೇರೆ ಕೋಣೆ ಹಿಡಿದ.

ಮಗಳಿಗೆ ಬುದ್ಧಿ ಬಂದಾಗಿನಿಂದ ಸೋದರತ್ತೆ ಇದನ್ನೇ ಹೇಳುತ್ತ ಬಂದಳು. ನಿನ್ನಪ್ಪನ ಹಟಕ್ಕೆ ನಿನ್ನಮ್ಮ ಬಲಿಯಾದಳು, ಎಂದು. ಒಮ್ಮೆ ಹುಡುಗಿ ನೇರವಾಗಿ ಕೇಳಿದಳು. ಅವನು ಬ್ರಷ್ ತೊಳೆಯುತ್ತಲೇ, "ಹೋಗಲೇಬೇಕಿತ್ತು ಮಗಾ" ಎಂದ. ಅಷ್ಟೇ.

ಹೋದ ವಾರ ಅವನು ಹಾಸಿಗೆಯಿಂದ ನೀರು ಕೇಳಿದಾಗ ಅವಳು ಲೋಟ ತುಂಬಿಸಿ, ಕೈಗೆಟುಕದಷ್ಟು ದೂರದಲ್ಲಿಟ್ಟು ಕೆಲಸಕ್ಕೆ ಹೋಗಿದ್ದಳು.

*

ಗುಂಡಿಯ ಪಕ್ಕ ನಿಂತು ಪಾದ್ರಿ ನಾಲ್ಕು ಒಳ್ಳೆಯ ಮಾತಾಡಲು ನೋಡಿದರು. ಪ್ರತಿ ವರ್ಷ ತಾವು ಬೆತ್ಲೆಹೇಮಿನ ಪ್ರಯಾಣದ ಬಗ್ಗೆ ಬೋಧಿಸಿದಾಗಲೂ ಸತ್ತವನು ಕೊನೆಯವರೆಗೆ ಕಾದು ಕೂರುತ್ತಿದ್ದನಂತೆ. ಹೆಸರು ಬರೆಸಬೇಕಾದವನು ಯೋಸೇಫ, ತುಂಬಿದ ಬಸುರಿ ಮರಿಯಳನ್ನೇಕೆ ಕರೆದೊಯ್ದ ಎಂದು ಒಮ್ಮೆ ಕೇಳಿದನಂತೆ. ಯೇಸು ಅಲ್ಲೇ ಹುಟ್ಟಬೇಕೆಂಬ ಪ್ರವಾದನೆ ನೆರವೇರಲೆಂದು, ಎಂದಿದ್ದರು ಪಾದ್ರಿ. ಅವನು ಒಪ್ಪಲಿಲ್ಲ.

"'ಅವಳನ್ನ ಬಿಟ್ಟು ಹೋಗೋ ಹಾಗಿರಲಿಲ್ಲ ಫಾದರ್' ಅಂದ. 'ಹೊಟ್ಟೇಲಿರೋದು ಅವನದಲ್ಲ ಅಂತ ಮನೆಯವರಿಗೆ ಗೊತ್ತಿತ್ತು. ಇವನು ವಾಪಸ್ ಬರೋಷ್ಟರಲ್ಲಿ ಏನು ಮಾಡಿಬಿಡ್ತಿದ್ರೋ' ಅಂತ. ಎಂಥ ಮುಗ್ಧ ಮನಸ್ಸು ನೋಡಿ."

ಮಗಳು ಅತ್ತೆಯ ಕಡೆ ತಿರುಗಿದಳು. ಅತ್ತೆ ಮುಖ ತಪ್ಪಿಸಲಿಲ್ಲ.

"ನೀನು ಯಾರಿಗೆ ಹುಟ್ಟಿದ್ಯೋ ನಮಗೂ ಗೊತ್ತಿಲ್ಲ. ಕೂಸು ಅಳೋಕೆ ಮುಂಚೆ ಮುಗಿಸಿಬಿಡು ಅಂತ ನಮ್ಮಮ್ಮ ಸೂಲಗಿತ್ತಿಗೆ ಹೇಳಿಟ್ಟಿದ್ಲು. ಅಣ್ಣನ ಕಿವಿಗೆ ಬಿತ್ತು. ರಾತ್ರೋರಾತ್ರಿ ಹೊರಡಿಸಿದ."

"ಮತ್ತೆ ಇಷ್ಟು ವರ್ಷ ನನಗೆ..."

"ಅವನೂ ಅಲ್ಲ ಅನ್ನಲಿಲ್ವಲ್ಲ. ನಿಜ ಹೇಳಿದ್ರೆ ನಿನ್ನ ಹುಟ್ಟು ಹೇಳಬೇಕಾಗ್ತಿತ್ತು."

ಹೊತ್ತಾಯಿತೆಂದು ಅಗೆಯುವವರು ಗೊಣಗಿದರು. ಮಗಳು ಮಣ್ಣಿಗೆ ಬಗ್ಗಿದಳು. ಚಿಕ್ಕಪ್ಪ ಅವಳ ಮಣಿಕಟ್ಟು ಹಿಡಿದು, ಮೊದಲು ರಕ್ತಸಂಬಂಧದವರು ಹಾಕಲಿ, ಎಂದು ಮೆಲ್ಲಗೆ ಹಿಂದಕ್ಕೆ ಸರಿಸಿದ.

ಸಡಿಲ ಮಣ್ಣಿನಲ್ಲಿ ಅತ್ತೆಯ ಕಾಲು ನಿಲ್ಲಲಿಲ್ಲ. ಮಗಳ ತೋಳು ಹಿಡಿದು ಬಗ್ಗಿ, ಒಂದು ಹಿಡಿ ಮಣ್ಣು ಹಾಕಿದಳು. ಎದ್ದು ನಿಂತ ಮೇಲೆ, ಕೈಗೆ ಅಂಟಿದ ಮಣ್ಣನ್ನು ಮಗಳ ಅದೇ ತೋಳಿಗೆ ಒರೆಸಿಕೊಂಡಳು.