ಹಲಗೆಯ ಕೆಳಗಿನ ನೀಲಿ ಬೆಂಕಿ

ಆ ದೋಣಿಯಲ್ಲಿ ಮಲಗಿದವರಿಗೆ ಬೆಳಿಗ್ಗೆ ತಲೆ ಎತ್ತಲು ಆಗುತ್ತಿರಲಿಲ್ಲ.

ನಾಶಿಕದ ಹತ್ತಿರ, ಗೋದಾವರಿಯ ಹಿನ್ನೀರಿನಿಂದ ಕಾಲುವೆ ಹೊರಡುವ ಕಡೆ, ಅಂತರಗಂಗೆ ಬೆಳೆದು ನೀರೇ ಕಾಣದಂತಾಗಿತ್ತು. ಅಲ್ಲಿಯವರು ಅದನ್ನು ಜಲಪರ್ಣಿ ಎನ್ನುತ್ತಾರೆ. ಅದನ್ನು ಕಿತ್ತು ದಡಕ್ಕೆ ಹಾಕುವ ಕೆಲಸಕ್ಕೆ ಬಂದವರು ಆಳಂದ ಕಡೆಯ ಸಾಯಬಣ್ಣ, ಅವನ ಹೆಂಡತಿ ಲಕ್ಷ್ಮವ್ವ ಮತ್ತು ತಾಯಿ ನಾಗಮ್ಮ. ಹತ್ತಿರದ ಘೋಟಿ ಊರಿನಲ್ಲಿ ಕಟ್ಟಡದ ಕೆಲಸ ಮುಗಿದ ಮೇಲೆ ಅವರಿಗೆ ಈ ಕೆಲಸ ಸಿಕ್ಕಿತ್ತು.

ಇರಲು ಗುತ್ತಿಗೆದಾರ ಒಂದು ಕಬ್ಬಿಣದ ದೋಣಿ ಕೊಟ್ಟ. ಹಿಂದೆ ಎಂಜಿನು, ನಡುವೆ ತಗಡಿನ ಕೋಣೆ, ನೆಲಕ್ಕೆ ಮರದ ಹಲಗೆ. ದಡದ ಕಡೆ ಒಂದು ಬಾಗಿಲು, ನೀರಿನ ಕಡೆ ಒಂದು ಸಣ್ಣ ಬಾಗಿಲು. ಮೊದಲಿದ್ದವರು ಹೇಳದೆ ಕೇಳದೆ ಹೋಗಿದ್ದರು. ಅವರ ಒಂದು ಸೀರೆ ಇನ್ನೂ ಗೂಟದಲ್ಲಿ ನೇತಾಡುತ್ತಿತ್ತು.

ಚಳಿ ಜೋರಾಗಿತ್ತು. ಮಲಗುವಾಗ ಸಾಯಬಣ್ಣ ಶಿಗಡಿ ಎಂಬ ಸಣ್ಣ ಕಬ್ಬಿಣದ ಒಲೆಯಲ್ಲಿ ಇದ್ದಿಲು ಹಚ್ಚಿ, ಎಲ್ಲ ಸಂದಿಗೂ ಗೋಣಿಚೀಲ ತುರುಕುತ್ತಿದ್ದ. ದೋಣಿ ಅಲುಗಿದಾಗಲೆಲ್ಲ ಜಲಪರ್ಣಿಯ ದಂಟುಗಳು ತಳವನ್ನು ಕೆರೆಯುತ್ತಿದ್ದವು. ಯಾರೋ ಕೆಳಗಿನಿಂದ ಉಗುರಿನಲ್ಲಿ ಗೀರಿದ ಹಾಗೆ ಕೇಳುತ್ತಿತ್ತು.

ಒಂದು ದಿನ ನಾಗಮ್ಮ ಬೆಳಿಗ್ಗೆ ಎದ್ದವಳೇ ವಾಂತಿ ಮಾಡಿಕೊಂಡಳು.

"ಎದಿ ಮ್ಯಾಲ ಯಾರೋ ಕುಂತಂಗ ಆಗ್ತದ ಮಗಾ," ಎಂದಳು. "ಮೂಲ್ಯಾಗ ಒಬ್ಬಾಕಿ ನಿಂತಿದ್ಲು. ಮೈಯೆಲ್ಲ ನೀರು. ನಾ ಮಾತಾಡ್ಬೇಕಂದ್ರ ನಾಲಿಗಿ ಹೊಳ್ಳಲಿಲ್ಲ."

ಲಕ್ಷ್ಮವ್ವನಿಗೂ ತಲೆ ಸಿಡಿಯುತ್ತಿತ್ತು. ಅವಳ ಕೈಯಿಂದಲೇ ರೊಟ್ಟಿ ತಿನ್ನುವ ದಡದ ನಾಯಿ, ಬಾಗಿಲ ತನಕ ಬಂದು, ಒಳಗೆ ಮೂಸಿ, ಹಿಂದೆ ಸರಿದು ಹೋಗುತ್ತಿತ್ತು. ಕಾಲುವೆಯಲ್ಲಿ ಬಿದ್ದು ಸತ್ತ ಹೆಂಗಸೊಬ್ಬಳು ಆ ದೋಣಿ ಬಿಡುವುದಿಲ್ಲ ಎಂದು ಕೂಲಿಯವರು ಹೇಳಿದರು. ಸಾಯಬಣ್ಣ ಅದನ್ನು ನಂಬಿದ. ನೀರಿನ ಕಡೆಯ ಬಾಗಿಲಿಗೆ ಹೊರಗಿನಿಂದ ತಂತಿ ಸುತ್ತಿ ಬಿಗಿದ. ಮೇಲೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ.

ಅದೇ ವಾರ ವಿಜಯಶ್ರೀ ಬಂದಳು. ಬೀದರಿನವಳು. ಆ ಜಲಾಶಯದ ದೋಣಿಗಳ ಸುರಕ್ಷತೆ ನೋಡಿಕೊಳ್ಳುವ ನೌಕರಿ ಅವಳದು. ಕನ್ನಡದವರು ಇದ್ದಾರೆ ಎಂದು ಕೇಳಿ, ಚಹಾ ಕುಡಿಯಲು ಒಳಗೆ ಕೂತಳು. ನಾಗಮ್ಮ ಎಲ್ಲವನ್ನೂ ಹೇಳಿಕೊಂಡಳು. ವಿಜಯಶ್ರೀ ನಗಲಿಲ್ಲ. ಶಿಗಡಿ ನೋಡಿದಳು, ಗೋಣಿ ತುರುಕಿದ ಸಂದಿ ನೋಡಿದಳು.

"ಆಯಿ, ಇದ್ದಿಲು ಉರಿದ್ರ ಒಂದು ವಿಷದ ಗಾಳಿ ಬರ್ತದ. ಅದಕ್ಕ ಬಣ್ಣಿಲ್ಲ, ವಾಸನಿ ಇಲ್ಲ. ಮುಚ್ಚಿದ ಕ್ವಾಣ್ಯಾಗ ಅದು ತುಂಬಿದ್ರ ತಲಿ ಸಿಡಿತದ, ವಾಂತಿ ಬರ್ತದ, ಇಲ್ಲದ್ದು ಕಣ್ಣಿಗಿ ಕಾಣ್ತದ. ಇನ್ನೂ ತುಂಬಿದ್ರ ಮನಶ್ಯಾ ಏಳೂದೇ ಇಲ್ಲ."

"ಮತ್ತ ಮೊದಲಿದ್ದವರು ಯಾಕ ಓಡಿಹೋದ್ರು?" ಎಂದು ಸಾಯಬಣ್ಣ ಕೇಳಿದ.

"ಅವರೂ ಇದೇ ಶಿಗಡಿ ಹಚ್ಚಿದ್ರೋ ಏನೋ, ಯಾರಿಗಿ ಗೊತ್ತು ಅಣ್ಣೋರೆ." ಅವಳು ಬಾಗಿಲ ಬಳಿ ಇದ್ದ ಗ್ಯಾಸ್ ಸಿಲಿಂಡರಿನ ಪೈಪು ಮುಟ್ಟಿ ನೋಡಿದಳು. ರಬ್ಬರು ಒಣಗಿ ಬಿರುಕು ಬಿಟ್ಟಿತ್ತು. ಅವಳೇ ರೆಗ್ಯುಲೇಟರ್ ಬಂದ್ ಮಾಡಿದಳು. "ಇದು ಬದಲಾಗೂ ತನಕ ಹಚ್ಚಬ್ಯಾಡ್ರಿ. ಸಿಲಿಂಡರ್ ಹೊರಗ ಗಾಳ್ಯಾಗ ಇಡ್ರಿ. ಅಡಗಿ ಗ್ಯಾಸ್ ಗಾಳಿಗಿಂತ ಭಾರ. ಮನ್ಯಾಗ ಸೋರಿದ್ರ ಬಾಗಿಲ ಸಂದಿಯಿಂದ ಸ್ವಲ್ಪರೆ ಹೊರಗ ಹೋಗ್ತದ. ದೋಣಿ ತಳದಾಗ ಬಾಗಿಲೆಲ್ಲಿ ಅದ? ಕೊಡದಾಗ ನೀರು ನಿಂತಂಗ ಹಲಗಿ ಕೆಳಗ ನಿಲ್ತದ, ಕಿಡಿ ಕಾಯ್ಕೋತ."

"ಸೋರಿದ್ರ ವಾಸನಿ ಬರೂದಿಲ್ಲೇನ್ರಿ?" ಎಂದು ಲಕ್ಷ್ಮವ್ವ ಕೇಳಿದಳು.

"ಈ ಕೊಳೆತ ಜಲಪರ್ಣಿ ನಾತದಾಗ ನಿಮಗ ಏನು ಗೊತ್ತಾಗ್ತದ? ನನಗೂ ಗೊತ್ತಾಗವಲ್ದು. ಯಂತ್ರದ ದೋಣಿಗಿ ನೋಂದಣಿ, ತಪಾಸಣಿ, ಬೆಂಕಿ ಆರಿಸೂ ಸಾಮಾನು ಬೇಕಂತ ಕಾಯ್ದೆನೇ ಅದ. ನಿಮ್ಮ ಗುತ್ತಿಗೆದಾರಗ ಇವತ್ತೇ ಮಾತಾಡ್ತೀನಿ. ನಾಳಿ ಮುಂಜಾನಿ ಬರ್ತೀನಿ. ಆ ತಂತಿ ಮಾತ್ರ ಈಗೇ ಬಿಚ್ಚ್ರಿ."

ಸಾಯಬಣ್ಣ ಹೂಂ ಎಂದ. ಅವಳು ಹೋದ ಮೇಲೆ ಹೆಂಡತಿಗೆ, "ಸಿಲಿಂಡರ್ ಹೊರಗ ಇಟ್ರ ಕಳ್ಳರು ಒಯ್ತಾರ. ತಂತಿ ಬಿಚ್ಚಿದ್ರ ಆಕಿ ಬರ್ತಾಳ," ಎಂದ. ಅದೇ ಪೈಪಿನಲ್ಲೇ ಅಡುಗೆ ಮಾಡಿಸಿ, ಒಲೆಯ ಗುಂಡಿ ತಿರುವಿ ಆರಿಸಿದ. ರೆಗ್ಯುಲೇಟರ್ ಬಂದ್ ಮಾಡದೆ ತೆರೆದೇ ಬಿಟ್ಟ. ಶಿಗಡಿ ಮಾತ್ರ ಲಕ್ಷ್ಮವ್ವ ಹಚ್ಚಗೊಡಲಿಲ್ಲ.

ಮರುದಿನ ಬೆಳಿಗ್ಗೆ ದಟ್ಟ ಮಂಜು. ದಡದಿಂದ ದೋಣಿ ಮಸುಕಾಗಿ ಕಾಣುತ್ತಿತ್ತು. ಸಾಯಬಣ್ಣ ದಡದಲ್ಲಿ ಹಗ್ಗ ಸರಿಮಾಡುತ್ತಿದ್ದ. ಲಕ್ಷ್ಮವ್ವ ಒಳಗೆ, ಮಲಗಿದ್ದ ಅತ್ತೆಗೆ ಬೆನ್ನು ಮಾಡಿ, ದೇವರ ಪಟದ ಮುಂದೆ ಕೂತು, ನೆಲದ ಮೇಲೆ ದೀಪವಿಟ್ಟು ಕಡ್ಡಿ ಗೀರಿದಳು.

ಮೊದಲು ಸದ್ದೇ ಆಗಲಿಲ್ಲ. ಹಲಗೆಗಳ ಸಂದಿಯಲ್ಲಿ ನೀಲಿ ಗೆರೆಯೊಂದು ಮೂಡಿತು. ಅದು ಅವಳ ಮೊಣಕಾಲ ಪಕ್ಕದಿಂದ ಹಾದು, ಗೋಡೆಯ ತನಕ ಹೋಗಿ, ತಿರುಗಿ ಬಂತು. ಹಾವು ದಾರಿ ಹುಡುಕುವಂತೆ. ಲಕ್ಷ್ಮವ್ವ ಅದನ್ನೇ ನೋಡುತ್ತಾ ಕೂತಳು. ಆಮೇಲೆ ಕೆಳಗೆ 'ದಪ್' ಎಂದಿತು. ಹಲಗೆಗಳು ಎದ್ದು ಬಿದ್ದವು. ಬಾಗಿಲ ಬಳಿ ಗ್ಯಾಸಿನ ಪೈಪಿಗೆ ಬೆಂಕಿ ಹತ್ತಿಕೊಂಡಿತು. ದಡಕ್ಕೆ ಹೋಗುವ ದಾರಿ ಮುಚ್ಚಿಹೋಯಿತು.

ಸಾಯಬಣ್ಣನಿಗೆ ಮಂಜಿನಲ್ಲಿ ಕಂಡದ್ದು ಕೋಣೆಯ ಕೈಯಗಲದ ಕಿಟಕಿಯಲ್ಲಿ ನೀಲಿ ಬೆಳಕು, ಒಳಗೆ ಅಲುಗುವ ಎರಡು ನೆರಳು. ಆಮೇಲೆ ನೀರಿನ ಕಡೆಯ ಬಾಗಿಲನ್ನು ಒಳಗಿನಿಂದ ಬಡಿಯುವ ಸದ್ದು ಕೇಳಿತು. ಅವನು ತಗಡಿನ ಮಾಡು ಹತ್ತಿ ಆ ಕಡೆ ಇಳಿದ. ತಾನೇ ಬಿಗಿದ ತಂತಿ. ಚಳಿಗೆ ಬೆರಳು ಮರಗಟ್ಟಿದ್ದವು. ಒಂದು ಸುತ್ತು ಬಿಚ್ಚಿದರೆ ಇನ್ನೊಂದು ಸಿಗುತ್ತಿತ್ತು. ಒಳಗಿನ ಬಡಿತ ನಿಧಾನವಾಯಿತು. ಆಮೇಲೆ ನಿಂತೇಹೋಯಿತು.

ಅಷ್ಟರಲ್ಲಿ ವಿಜಯಶ್ರೀ ತನ್ನ ದೋಣಿಯಲ್ಲಿ ಬಂದಿದ್ದಳು. ಕೆಂಪು ಅಗ್ನಿಶಾಮಕ ಹಿಡಿದು ದಡದ ಕಡೆಯ ಬಾಗಿಲಿಗೆ ಓಡಿದಳು. ಪಿನ್ ಎಳೆದು, ಬೆಂಕಿಯ ಬುಡಕ್ಕೆ ಗುರಿ ಹಿಡಿದು, ಆ ಕಡೆ ಈ ಕಡೆ ಆಡಿಸಿದಳು. ಬಿಳಿ ಪುಡಿ ತುಂಬಿತು. ಬೆಂಕಿ ತಗ್ಗಿದೊಡನೆ ಒದ್ದೆ ಗೋಣಿ ಸುತ್ತಿದ ಕೈಯಿಂದ ಸಿಲಿಂಡರ್ ಬಂದ್ ಮಾಡಿದಳು. ಅದೇ ಹೊತ್ತಿಗೆ ತಂತಿ ಬಿಚ್ಚಿತು. ಬಾಗಿಲಿಗೆ ಒರಗಿದ್ದ ನಾಗಮ್ಮ ಮಗನ ತೊಡೆಯ ಮೇಲೆ ಬಿದ್ದಳು. ಅವಳ ಹಿಂದೆ ಲಕ್ಷ್ಮವ್ವ, ಕಾಲು ಸುಟ್ಟುಕೊಂಡು, ತೆವಳುತ್ತಾ ಬಂದಳು.

ಇಬ್ಬರೂ ಬದುಕಿದರು. ಲಕ್ಷ್ಮವ್ವನ ಕಾಲಿನ ಚರ್ಮ ಮಾತ್ರ ಮೊದಲಿನಂತೆ ಆಗಲಿಲ್ಲ.

ನಾಶಿಕದ ಆಸ್ಪತ್ರೆಯಲ್ಲಿ ನಾಗಮ್ಮ ಸೊಸೆಯ ಮಂಚದ ಪಕ್ಕ ಕೂತು ಕೇಳಿದಳು, "ನೀ ನನ್ನ ಹೆಂಗ ಎಬ್ಬಿಸಿದಿ? ನೀ ಕಡ್ಡಿ ಗೀರೂ ಮೊದಲೇ ರಟ್ಟಿ ಹಿಡಿದು, 'ನಾಗಮ್ಮಾ, ಏಳು' ಅಂದಿ. ನಾ ಎದ್ದು ಆ ಸಣ್ಣ ಬಾಗಲಕಡಿ ಸರದೆ."

ಲಕ್ಷ್ಮವ್ವ ಗಂಡನ ಮುಖ ನೋಡಿದಳು. "ನಾ ಎಬ್ಬಿಸಲಿಲ್ಲ ಅತ್ತಿ. ನಾ ನಿಮ್ಮ ಹೆಸರ ಹಿಡಿದು ಕರೀತೀನೇನು?"



ಅವರನ್ನು ನೋಡಲು ಬಂದಿದ್ದ ವಿಜಯಶ್ರೀ ನಾಗಮ್ಮನ ಕೈ ಹಿಡಿದಳು. "ಯಾರರೆ ಎಬ್ಬಿಸಿರಲಿ ಆಯಿ, ಛಲೋ ಆಯ್ತು. ಆದ್ರ ದಿನಾ ಬಂದು ಎಬ್ಬಿಸ್ತಾರಂತ ನಂಬಿ ಮಲಗಬ್ಯಾಡ್ರಿ. ಅದಕ್ಕ ಅಲಾರಂ ಅವ. ಹೊಗಿ ಬಂದ್ರ ಕೂಗೂದು ಒಂದು, ಆ ವಿಷದ ಗಾಳಿ ಬಂದ್ರ ಕೂಗೂದು ಒಂದು. ದಣಿದವರು ಮಲಗಿದ್ರೂ ಅವು ಮಲಗೂದಿಲ್ಲ."

ಸಾಯಬಣ್ಣ ತಲೆ ತಗ್ಗಿಸಿ ಕೂತಿದ್ದ. "ನಾ ಆಕಿಗಿ ಅಂಜಿ ನಮ್ಮವರನ್ನೇ ಒಳಗ ಹಾಕಿ ಕಟ್ಟಿದ್ನಲ್ರಿ ಅಕ್ಕಾ," ಎಂದ. "ಏನೇನು ಬೇಕು ಹೇಳ್ರಿ. ಅಷ್ಟೂ ಇಲ್ಲದಿದ್ರ ನಾ ದೋಣಿ ಹತ್ತಂಗಿಲ್ಲ. ನಮ್ಮ ಕೂಲಿಯವರೂ ಹತ್ತಂಗಿಲ್ಲ."

ಹಾಗೆಯೇ ಆಯಿತು. ಎಲ್ಲರೂ ಒಟ್ಟಾಗಿ ಕೇಳಿದಾಗ ಗುತ್ತಿಗೆದಾರ ದೋಣಿಗಳ ತಪಾಸಣೆ ಮಾಡಿಸಿದ. ಸಿಲಿಂಡರಿಗೆ ಹೊರಗೆ, ಬೀಗ ಹಾಕುವ ಜಾಲರಿಯ ಪೆಟ್ಟಿಗೆ ಬಂತು, ಕಳ್ಳರ ಭಯವೂ ಹೋಯಿತು. ಎಂಜಿನಿಗೆಂದು ಒಳಗಿಟ್ಟಿದ್ದ ಪೆಟ್ರೋಲು ಕ್ಯಾನುಗಳು ಕೋಣೆಯಿಂದ ಆಚೆ ಹೋದವು. ಪ್ರತಿ ಬಾಗಿಲ ಬಳಿ ಅಗ್ನಿಶಾಮಕ, ಒಲೆಯ ಹತ್ತಿರ ಬೆಂಕಿ ಮುಚ್ಚುವ ಕಂಬಳಿ, ಕೋಣೆಯಲ್ಲಿ ಎರಡೂ ಅಲಾರಂ ಬಂದವು. ಅವನ್ನು ಬಳಸುವುದನ್ನು ಎಲ್ಲರಿಗಿಂತ ಮೊದಲು ಕಲಿತವಳು ನಾಗಮ್ಮ.

ದೋಣಿಯಲ್ಲಿ ದುಡಿಯುವ ಅಣ್ಣಂದಿರೇ, ಅಕ್ಕಂದಿರೇ, ನೀವು ಇರುವುದು ನಾಶಿಕದ ಹಿನ್ನೀರಾಗಲಿ, ಪೈಠಣದ ಜಲಾಶಯವಾಗಲಿ, ನೀರು ಸುತ್ತ ಇದೆ ಎಂದು ಬೆಂಕಿಗೆ ಅಂಜದೆ ಇರಬೇಡಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಹಚ್ಚಬೇಡಿ. ಎಂಜಿನು ನಡೆಯುವಾಗ ಪೆಟ್ರೋಲು ಹಾಕಬೇಡಿ. ಹೊರಬೀಳುವ ಎರಡು ದಾರಿ ಇರಲಿ, ಎರಡೂ ತೆರೆಯುವಂತಿರಲಿ. ಗ್ಯಾಸಿನ ಪೈಪು ಹಳೆಯದಾದರೆ ಬದಲಿಸಿ, ಅಡುಗೆಯಾದ ಮೇಲೆ ರೆಗ್ಯುಲೇಟರ್ ಬಂದ್ ಮಾಡಿ. ಬೆಂಕಿ ಕೈಮೀರಿದರೆ ಸಾಮಾನು ಬಿಟ್ಟು ಜನರನ್ನು ಹೊರಗೆ ತನ್ನಿ, ೧೧೨ಕ್ಕೆ ಫೋನ್ ಮಾಡಿ. ನೋಂದಣಿ, ತಪಾಸಣೆ ಇಲ್ಲದ ದೋಣಿಯಲ್ಲಿ ಇರು ಎಂದರೆ ಆಗುವುದಿಲ್ಲ ಎನ್ನಿ. ಹಾಗೆನ್ನುವುದು ನಿಮ್ಮ ಹಕ್ಕು.

ಇವತ್ತು ಕಡ್ಡಿ ಗೀರುವ ಮೊದಲು ಬಾಗಿಲು ತೆರೆದು, ಕಾಲ ಕೆಳಗಿನ ಹಲಗೆ ಎತ್ತಿ, ಗಾಳಿ ಆಡಲು ಬಿಡಿ. ಅಲ್ಲಿ ಏನು ಕೂತಿದೆಯೋ, ಕಣ್ಣಿಗೆ ಕಾಣುವುದಿಲ್ಲ.